ಪರದೆಯ ಬಣ್ಣಕ್ಕೊಂದು ಅಳತೆಗೋಲು: ಸ್ಪೈಡರ್‌ಎಕ್ಸ್ ಪ್ರೊ ಬಳಸಿ ನೋಡಿದ ಮೇಲೆ

ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕೆ ಮುಖ್ಯವಾಗಿ ಬೇಕಾಗುವ ಬಣ್ಣಗಳು ನಾಲ್ಕೇ: ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಿಂದ ಗೋಡೆಯ ಮೇಲೆ ಮೂಡುತ್ತಿದ್ದ ಈ ಚಿತ್ತಾರ ಈಗ ಕಾಗದ, ಬಟ್ಟೆ, ಬುಟ್ಟಿಗಳ ಮೇಲೂ ಬರುತ್ತಿದ್ದು, ಅವುಗಳ ಫೋಟೋ ತೆಗೆದು ಅಂತರ್ಜಾಲದ ಮಾರಾಟಕ್ಕೆ ಸಿದ್ಧಪಡಿಸುವ ಕೆಲಸ ಶಿವಮೊಗ್ಗದಲ್ಲಿ ಕುಳಿತು ಡಿಸೈನ್ ಮಾಡುವ ನನ್ನಂಥವರ ಪಾಲಿಗೆ ಬಂದಿದೆ. ಅಡಿಕೆ, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿಗಳ ಲೇಬಲ್‌ಗಳೂ, ವರ್ಷದ ಕೊನೆಗೆ ಬರುವ ಕ್ಯಾಲೆಂಡರ್‌ಗಳೂ ಇದೇ ಮೇಜಿನ ಮೇಲೆ ತಯಾರಾಗುತ್ತವೆ. ಈ ಎಲ್ಲ ಕೆಲಸಗಳಲ್ಲೂ ಗಿರಾಕಿಯಿಂದ ಬರುವ ದೂರು ಒಂದೇ ಬಗೆಯದು. ಪರದೆಯಲ್ಲಿ ಕಂಡ ಕೆಂಪು ಒಂದು, ಕೈಗೆ ಬಂದ ಕೆಂಪು ಇನ್ನೊಂದು ಎನ್ನುವುದು.

ಈ ದೂರಿನ ಬೇರನ್ನು ಹುಡುಕಲು ಕೊಂಡದ್ದು ಡೇಟಾಕಲರ್ ಕಂಪನಿಯ ಸ್ಪೈಡರ್‌ಎಕ್ಸ್ ಪ್ರೊ ಎಂಬ ಕಲರಿಮೀಟರ್. ಕಲರಿಮೀಟರ್ ಎಂದರೆ ಪರದೆಯಿಂದ ಹೊರಬೀಳುವ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಅಳೆಯುವ ಸಾಧನ. 2019ರಲ್ಲಿ ಬಿಡುಗಡೆಯಾದ ಈ ಮಾದರಿಯ ನಂತರ ಇದೇ ಕಂಪನಿಯ ಹೊಸ ಆವೃತ್ತಿಗಳು ಮಾರುಕಟ್ಟೆಗೆ ಬಂದಿವೆ. ಆದರೂ ಹಳೆಯದರ ಕುರಿತು ಬರೆಯಲು ಕಾರಣವಿದೆ. ನಮ್ಮ ಕಡೆಯ ಸ್ಟುಡಿಯೋ, ಡಿಟಿಪಿ ಕೇಂದ್ರಗಳು ಇಂಥದ್ದನ್ನು ಕೊಳ್ಳುವುದಾದರೆ ಕೈಬದಲಾದ ಹಳೆಯ ಮಾದರಿಯನ್ನೇ ಕೊಳ್ಳುವ ಸಂಭವ ಹೆಚ್ಚು. ಮತ್ತು ಈ ಸಾಧನ ಮಾಡುವ ಮೂಲ ಕೆಲಸ ಹೊಸ ಆವೃತ್ತಿಗಳಲ್ಲೂ ಬದಲಾಗಿಲ್ಲ.

ಆ ಕೆಲಸವೇನೆಂದು ತಿಳಿಯಬೇಕಾದರೆ, ಫೈಲಿನಲ್ಲಿ ಬಣ್ಣ ಯಾವ ರೂಪದಲ್ಲಿ ಇರುತ್ತದೆ ಎಂಬುದನ್ನು ಮೊದಲು ನೋಡಬೇಕು. ಡಿಜಿಟಲ್ ಚಿತ್ರದ ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳಿದ್ದು, ಸಾಮಾನ್ಯ ಫೈಲಿನಲ್ಲಿ ಪ್ರತಿಯೊಂದೂ 0ಯಿಂದ 255ರ ಒಳಗೆ ಇರುತ್ತದೆ. ಪ್ರತಿಯೊಂದಕ್ಕೂ 256 ಅಂಕಿಗಳು ಸಾಧ್ಯವಿರುವುದರಿಂದ, ಮೂರನ್ನೂ ಗುಣಿಸಿದರೆ 1,67,77,216 ಬಣ್ಣಗಳು ಸಾಧ್ಯವೆಂಬ ಲೆಕ್ಕ ಸಿಗುತ್ತದೆ. ಕೆಮ್ಮಣ್ಣು ಬಳಿದ ಒಂದು ಹಲಗೆಯ ಫೋಟೋದಲ್ಲಿ ನನಗೆ ಸಿಕ್ಕಿದ್ದು 142, 58, 38 ಎಂಬ ಅಂಕಿಗಳು. ಆದರೆ ಇಷ್ಟರಿಂದಲೇ ಬಣ್ಣ ಗೊತ್ತಾದಂತಾಗಲಿಲ್ಲ. ಎಂಥ ಕೆಂಪಿನ 142, ಎಂಥ ಹಸಿರಿನ 58 ಎಂಬುದು ನಿಗದಿಯಾಗದಿದ್ದರೆ, ಒಂದು ಮಾನಿಟರ್ ಅದನ್ನು ಇಟ್ಟಿಗೆಯ ಬಣ್ಣವಾಗಿಯೂ ಇನ್ನೊಂದು ಕುಂಕುಮಕ್ಕೆ ಹತ್ತಿರದ ಬಣ್ಣವಾಗಿಯೂ ತೋರಿಸಬಹುದು. ಎರಡೂ ತಮಗೆ ಕೊಟ್ಟ ಅಂಕಿಗೆ ತಪ್ಪಿದವೆಂದು ಹೇಳಲಾಗದು.

ಈ ಗೊಂದಲಕ್ಕೆ ಪರಿಹಾರವಾಗಿ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣವ್ಯಾಪ್ತಿಯನ್ನು ಮುಂದಿಟ್ಟವು. ಕೆಂಪು ಎಂದರೆ ಇಂಥದ್ದು, ಹಸಿರು ಎಂದರೆ ಇಂಥದ್ದು, ಬಿಳಿ ಎಂದರೆ ಇಷ್ಟು ಬಿಳಿ ಎಂದು ನಿಖರವಾಗಿ ಗೊತ್ತುಮಾಡಿದ ಈ ಪದ್ಧತಿ 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಇಂದಿಗೂ ಅಂತರ್ಜಾಲದ ಬಹುಪಾಲು ಚಿತ್ರಗಳು ಇದರೊಳಗೇ ಇವೆ. ಕ್ಯಾಮೆರಾದ ಮೆನುವಿನಲ್ಲಿ ಕಾಣುವ ಅಡೋಬಿ ಆರ್‌ಜಿಬಿ ಇಂಥದ್ದೇ ಇನ್ನೊಂದು ಬಣ್ಣವ್ಯಾಪ್ತಿ, 1998ರದು. ಇವೆರಡರ ನಡುವಿನ ವ್ಯತ್ಯಾಸದಲ್ಲಿ ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಎರಡರಲ್ಲೂ ಮೂಲ ಕೆಂಪು ಒಂದೇ, ಮೂಲ ನೀಲಿಯೂ ಒಂದೇ. ಅಡೋಬಿಯಲ್ಲಿ ಹಸಿರು ಮಾತ್ರ ಬಹಳ ದೂರ ಚಾಚಿಕೊಂಡಿದೆ. ಹಾಗಾಗಿ ಅಡೋಬಿ ಆರ್‌ಜಿಬಿಯಲ್ಲಿ ತೆಗೆದ ಫೋಟೋದಿಂದ, ಅದು ಯಾವ ಬಣ್ಣವ್ಯಾಪ್ತಿಯದೆಂದು ಹೇಳುವ ಪ್ರೊಫೈಲ್ ಕಳಚಿಹೋಗಿ ಅದು ಎಸ್‌ಆರ್‌ಜಿಬಿ ಎಂದೇ ಓದಿಸಿಕೊಂಡರೆ, ಆಗುಂಬೆಯ ಕಾಡಾಗಲಿ ತೀರ್ಥಹಳ್ಳಿಯ ತೋಟವಾಗಲಿ ಬಿಸಿಲಿಗೆ ಬಾಡಿದ ಸೊಪ್ಪಿನ ಬಣ್ಣಕ್ಕೆ ಇಳಿಯುತ್ತದೆ. ಬಯಲುಸೀಮೆಯ ಹೊಲದ ಫೋಟೋಗೆ ಇದೇ ಅವಘಡವಾದರೂ ಅಷ್ಟು ಎದ್ದು ಕಾಣಲಿಕ್ಕಿಲ್ಲ. ಕಣ್ಣಿಗೆ ಕಾಣುವ ಹೊಳಪಿನಲ್ಲಿ ಸುಮಾರು 72 ಪಾಲು ಹಸಿರಿನಿಂದಲೇ ಬರುತ್ತದೆ ಎಂದೂ, ಕೆಂಪಿನ ಪಾಲು 21, ನೀಲಿಯದು ಬರಿಯ 7 ಎಂದೂ ಎಸ್‌ಆರ್‌ಜಿಬಿಯ ಲೆಕ್ಕ ಹೇಳುತ್ತದೆ. ಕ್ಯಾಮೆರಾದ ಸಂವೇದಕದ ಮೇಲಿನ ಬಣ್ಣದ ಗಾಜುಗಳಲ್ಲೂ ಸಾಮಾನ್ಯವಾಗಿ ಅರ್ಧದಷ್ಟು ಹಸಿರೇ. ಕೊಡ್ಯಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆ ಇಂದಿನ ಮೊಬೈಲ್‌ಗಳಲ್ಲೂ ಮುಂದುವರಿದಿದೆ.

ಫೈಲಿನಲ್ಲಿ ಬಣ್ಣದ ಅರ್ಥ ನಿಗದಿಯಾದ ಮೇಲೂ ಉಳಿಯುವ ಪ್ರಶ್ನೆ, ನಮ್ಮ ಮುಂದಿರುವ ಮಾನಿಟರ್ ಆ ಅರ್ಥಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದು. ಸ್ಪೈಡರ್‌ಎಕ್ಸ್ ಉತ್ತರಿಸುವುದು ಈ ಒಂದು ಪ್ರಶ್ನೆಗೆ ಮಾತ್ರ. ಮಂಡಿಯ ತಕ್ಕಡಿಗೆ ಮುದ್ರೆ ಹಾಕುವ ಮುನ್ನ ತಿಳಿದ ತೂಕದ ಬಟ್ಟು ಇಟ್ಟು ನೋಡುವಂತೆ, ಅಂಕಿ ಗೊತ್ತಿರುವ ಬಣ್ಣಗಳನ್ನು ಪರದೆಯ ಮೇಲೆ ಒಂದಾದ ಮೇಲೊಂದರಂತೆ ತೋರಿಸಿ, ಹೊರಬಂದ ಬೆಳಕು ಎಷ್ಟೆಂದು ಅದು ಅಳೆಯುತ್ತದೆ. ಹೆಚ್ಚುಕಡಿಮೆಯಾದದ್ದನ್ನು ಐಸಿಸಿ ಪ್ರೊಫೈಲ್ ಎಂಬ ಸಣ್ಣ ಫೈಲಿನಲ್ಲಿ ಬರೆದಿಡುತ್ತದೆ. ಬಣ್ಣ ನಿರ್ವಹಣೆ ಬಲ್ಲ ತಂತ್ರಾಂಶಗಳು ಆ ಫೈಲನ್ನು ಓದಿಕೊಂಡು ಚಿತ್ರವನ್ನು ತಿದ್ದಿ ತೋರಿಸುತ್ತವೆ.

ಬಳಸುವ ಕ್ರಮ ಸುಲಭ. ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಟ್ಟು, ಕಿಟಕಿಯ ಪರದೆ ಎಳೆದು, ಸಾಧನವನ್ನು ಯುಎಸ್‌ಬಿಗೆ ಚುಚ್ಚಬೇಕು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದಾದ ಇದರ ಮುಚ್ಚಳವನ್ನು ತೆಗೆದರೆ, ಆ ಮುಚ್ಚಳವೇ ಕೇಬಲ್‌ನ ಉದ್ದಕ್ಕೆ ಜಾರಿ ಮಾನಿಟರ್‌ನ ಬೆನ್ನಿಗೆ ಇಳಿಬಿದ್ದು ತೂಕ ಸರಿದೂಗಿಸುತ್ತದೆ. ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಸಾಧನ ಅದರ ಮೈಗೆ ಅಂಟಿಕೊಂಡಂತೆ ಕೂರುತ್ತದೆ. ಸಂದಿನಿಂದ ಹೊರಗಿನ ಬೆಳಕು ನುಗ್ಗದಂತೆ ನೋಡಿಕೊಂಡರಾಯಿತು. ತಂತ್ರಾಂಶ ಮೊದಲಿಗೆ ಪರದೆಯ ಹಿಂಬೆಳಕು ಯಾವ ಬಗೆಯದೆಂದು ಕೇಳುತ್ತದೆ. ಸಾಮಾನ್ಯ ಎಲ್‌ಇಡಿಯೇ, ಹೆಚ್ಚು ಬಣ್ಣವ್ಯಾಪ್ತಿಯ ಎಲ್‌ಇಡಿಯೇ ಎಂಬುದನ್ನು ಇಲ್ಲಿ ಸರಿಯಾಗಿ ಆರಿಸುವುದು ಮುಖ್ಯ, ಏಕೆಂದರೆ ಕಲರಿಮೀಟರ್ ಬೆಳಕಿನ ಪೂರ್ತಿ ವರ್ಣಪಟಲವನ್ನು ಅಳೆಯುವುದಿಲ್ಲ. ಕೆಲವೇ ಶೋಧಕಗಳ ಮೂಲಕ ನೋಡಿ ಉಳಿದದ್ದನ್ನು ಲೆಕ್ಕ ಹಾಕುತ್ತದೆ, ಮತ್ತು ಆ ಲೆಕ್ಕ ಹಿಂಬೆಳಕಿನ ಬಗೆಯನ್ನು ಅವಲಂಬಿಸಿದೆ. ಇದಾದ ಮೇಲೆ ಪರದೆಯ ನಡುವೆ ಕೆಂಪು, ಹಸಿರು, ನೀಲಿ, ಆಮೇಲೆ ಬೂದಿಯ ಹಲವು ಛಾಯೆಗಳು ಒಂದೊಂದಾಗಿ ಮೂಡಿ ಮರೆಯಾಗುತ್ತವೆ. ಹಿಂದಿನ ಮಾದರಿಗಳಲ್ಲಿದ್ದ ಜೇನುಗೂಡಿನಾಕಾರದ ತಡೆಯನ್ನು ಬಿಟ್ಟು ಇದರಲ್ಲಿ ಮಸೂರವನ್ನು ಅಳವಡಿಸಿರುವುದರಿಂದ ಸಂವೇದಕಕ್ಕೆ ಹೆಚ್ಚು ಬೆಳಕು ತಲುಪುತ್ತದೆ. ಹಾಗಾಗಿ ಕಾಫಿ ಲೋಟ ಖಾಲಿಯಾಗುವ ಮೊದಲೇ ಅಳತೆ ಮುಗಿದಿರುತ್ತದೆ. ಮಬ್ಬು ಛಾಯೆಗಳನ್ನು ಅಳೆಯುವಾಗಲೂ ಇದು ತಡವರಿಸುವುದಿಲ್ಲ.

ಗುರಿಯಾಗಿ ಏನನ್ನು ಇಟ್ಟುಕೊಳ್ಳಬೇಕೆಂದು ತಂತ್ರಾಂಶವೇ ಸಲಹೆ ಕೊಡುತ್ತದೆ: ಗ್ಯಾಮಾ 2.2, ಬಿಳಿಯ ಬಣ್ಣತಾಪ (ಬಿಳಿ ಹಳದಿಗೆ ವಾಲಿದೆಯೋ ನೀಲಿಗೆ ವಾಲಿದೆಯೋ ಎಂಬುದರ ಅಳತೆ) 6500 ಕೆಲ್ವಿನ್, ಹೊಳಪು ಚದರ ಮೀಟರಿಗೆ 120 ಕ್ಯಾಂಡೆಲಾ. ಗ್ಯಾಮಾ ಎಂದರೆ ಅಂಕಿಗೂ ಬೆಳಕಿಗೂ ಇರುವ ಸಂಬಂಧ. 255 ಎಂಬ ಅಂಕಿಗೆ ಪೂರ್ಣ ಬೆಳಕು ಬರುವುದಾದರೆ 128ಕ್ಕೆ ಅರ್ಧ ಬೆಳಕು ಬರಬೇಕೆಂದು ತೋರುತ್ತದಾದರೂ, 2.2ರ ಗ್ಯಾಮಾದಲ್ಲಿ ಬರುವುದು ಶೇಕಡಾ 22ರಷ್ಟೇ. ನಮ್ಮ ಕಣ್ಣು ಕತ್ತಲಿನ ಛಾಯೆಗಳಲ್ಲಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ, ಬೆಳಕಿನ ಛಾಯೆಗಳಲ್ಲಿ ಅಷ್ಟು ಹಿಡಿಯುವುದಿಲ್ಲ. ಆದ್ದರಿಂದ ಇರುವ 256 ಮೆಟ್ಟಿಲುಗಳಲ್ಲಿ ಹೆಚ್ಚಿನವನ್ನು ಕತ್ತಲಿನ ಕಡೆಗೆ ಕೊಡುವ ಏರ್ಪಾಡು ಇದು. ಮಾನಿಟರ್‌ನ ಗ್ಯಾಮಾ ದಾರಿ ತಪ್ಪಿದ್ದರೆ ಮೊದಲು ಕಾಣೆಯಾಗುವುದು ಕಾಡಿನ ನೆರಳಿನೊಳಗಿನ ವಿವರ. ಮಳೆಗಾಲದ ಕವಲೇದುರ್ಗದ ಕಲ್ಲುಗೋಡೆಯ ಹಾವಸೆಯಲ್ಲಿ ಹತ್ತಾರು ಕಡುಹಸಿರುಗಳಿರುತ್ತವೆ. ಅಳತೆಗೆ ಮುನ್ನ ನನ್ನ ಪರದೆಯಲ್ಲಿ ಅವೆಲ್ಲ ಒಂದೇ ಕಪ್ಪು ಮುದ್ದೆಯಾಗಿದ್ದವು. ಅಳತೆಯ ನಂತರ ಕಲ್ಲಿನ ಸಂದು, ಹಾವಸೆಯ ಮಡಿಕೆ, ಅದರ ಮೇಲಿನ ನೀರಿನ ಹನಿ ಬೇರೆಬೇರೆಯಾದವು. ಫೋಟೋವನ್ನು ಒಂದಿಷ್ಟೂ ಮುಟ್ಟಿರಲಿಲ್ಲ.

ತಿದ್ದುವ ಮುನ್ನ ಹೇಗಿತ್ತು, ತಿದ್ದಿದ ಮೇಲೆ ಹೇಗಿದೆ ಎಂದು ಒಂದು ಗುಂಡಿ ಒತ್ತಿ ಹೋಲಿಸಿ ನೋಡುವ ಅನುಕೂಲವೂ ಇದೆ. ಮೊದಲ ಬಾರಿ ನೋಡುವವರಿಗೆ ತಿದ್ದಿದ ಪರದೆ ಹಳದಿಗೆ ತಿರುಗಿದಂತೆ ಅನ್ನಿಸುವುದು ಸಹಜ. ಅಂಗಡಿಯ ಸಾಲಿನಲ್ಲಿ ಎದ್ದು ಕಾಣಲೆಂದು ಬಹಳಷ್ಟು ಮಾನಿಟರ್‌ಗಳನ್ನು ನೀಲಿಯ ಕಡೆಗೆ ಎಳೆದು ಕಳುಹಿಸಿರುತ್ತಾರೆ, ಕಣ್ಣು ಆ ನೀಲಿಯನ್ನೇ ಬಿಳಿಯೆಂದು ಒಪ್ಪಿಕೊಂಡಿರುತ್ತದೆ. ಒಂದು ದಿನ ಕಳೆದರೆ ಹೊಸ ಬಿಳಿಯೂ ಬಿಳಿಯೇ ಆಗುತ್ತದೆ. ಹಳದಿ ಎಂದು ಹೆದರಿ ಅಳತೆಯನ್ನು ಅಳಿಸಿಹಾಕುವವರು ಈ ಒಂದು ದಿನವನ್ನು ಕೊಡಬೇಕು.

ಹೊಳಪಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಪ್ರೆಸ್ಸಿನವರಿಗೂ ಗಿರಾಕಿಗಳಿಗೂ ನಡೆಯುವ ಮುಕ್ಕಾಲು ಜಗಳ ಇದರಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಮದುವೆ ಆಲ್ಬಮ್ ಇರಲಿ, ಲಗ್ನಪತ್ರಿಕೆ ಇರಲಿ, ದೇವಸ್ಥಾನದ ಜಾತ್ರೆಯ ಆಮಂತ್ರಣವಿರಲಿ, ಮುದ್ರಣವಾಗಿ ಬಂದದ್ದನ್ನು ಕೈಗೆತ್ತಿಕೊಂಡವರ ಮೊದಲ ಮಾತು ಕಪ್ಪಾಗಿದೆ ಎಂಬುದೇ. ಪೆಟ್ಟಿಗೆಯಿಂದ ತೆಗೆದ ಮಾನಿಟರ್ 250 ಕ್ಯಾಂಡೆಲಾ ಅಥವಾ ಅದಕ್ಕೂ ಮೀರಿದ ಹೊಳಪಿನಲ್ಲಿ ಉರಿಯುತ್ತಿರುತ್ತದೆ. ಅದರ ಮುಂದೆ ಕುಳಿತು ಫೋಟೋವನ್ನು ಕಣ್ಣಿಗೆ ಹಿತವಾಗುವಷ್ಟು ಮಂದಗೊಳಿಸಿದವನು ಫೈಲಿನಲ್ಲಿ ನಿಜವಾಗಿಯೇ ಕತ್ತಲು ತುಂಬಿರುತ್ತಾನೆ. ಕಾಗದಕ್ಕೆ ತನ್ನದೇ ಬೆಳಕಿಲ್ಲ, ಕೋಣೆಯ ಬೆಳಕು ಅದರ ಮೇಲೆ ಬಿದ್ದು ಎಷ್ಟು ಮರಳಿತೋ ಅಷ್ಟೇ. ಪ್ರೆಸ್ಸಿನವರು ಇಂಕು ಹೆಚ್ಚು ಹಾಕಿದರೆಂದು ಗಿರಾಕಿ ರೇಗುತ್ತಾನೆ, ಫೈಲೇ ಹಾಗಿದೆಯೆಂದು ಪ್ರೆಸ್ಸಿನವರು ಹೇಳುತ್ತಾರೆ. ಪ್ರೆಸ್ಸಿನವರ ಮಾತು ನಿಜವಾಗಿರುತ್ತದೆ, ಅದನ್ನು ತೋರಿಸಿಕೊಡುವ ದಾರಿ ಅವರಿಗಿರುವುದಿಲ್ಲ. ಸ್ಪೈಡರ್‌ಎಕ್ಸ್ ಈ ಹೊಳಪನ್ನು ಅಂಕಿಯಲ್ಲಿ ತೋರಿಸುತ್ತದೆ. ಹೊಳಪಿನ ಗುಂಡಿಯನ್ನು ಇಳಿಸುತ್ತ 120ಕ್ಕೆ ತಂದು ನಿಲ್ಲಿಸಿದ ಮೇಲೆ, ಮುದ್ರಿತ ಹಾಳೆಯೂ ಪರದೆಯೂ ಮೊದಲ ಬಾರಿಗೆ ಒಂದನ್ನೊಂದು ಹೋಲುತ್ತವೆ. ಇಷ್ಟೊಂದು ಲಾಭಕ್ಕಾಗಿಯೇ ಸಾಧನವನ್ನು ಕೊಳ್ಳಬಹುದು.

ಮುದ್ರಣದ ಎಲ್ಲ ಕಷ್ಟಗಳೂ ಹೀಗೆ ತೀರುವುದಿಲ್ಲ. ಪರದೆ ಬೆಳಕನ್ನು ಕೂಡಿಸಿ ಬಣ್ಣ ಮಾಡುತ್ತದೆ. ಮುದ್ರಣದ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಂಕುಗಳು ಬೆಳಕನ್ನು ಹೀರಿ ಬಣ್ಣ ಮಾಡುತ್ತವೆ. ಎರಡರ ವ್ಯಾಪ್ತಿ ಒಂದೇ ಅಲ್ಲ. ನಾಟಿಗೆ ಮುನ್ನ ಸಸಿಮಡಿಯಲ್ಲಿ ನಿಂತ ಭತ್ತದ ಅಗೆ ಮೋಡದ ಬೆಳಕಿನಲ್ಲೂ ಉರಿಯುವಂತೆ ಕಾಣುವ ಆ ಎಳೆಹಸಿರು ಪರದೆಯಲ್ಲಿ ಒಂದು ಮಟ್ಟಿಗೆ ಬರುತ್ತದೆ, ಆಫ್‌ಸೆಟ್ ಮುದ್ರಣದಲ್ಲಿ ಮಂಕಾಗುತ್ತದೆ. ಆರ್ಟ್ ಪೇಪರ್ ಆದರೆ ಅಷ್ಟಾದರೂ ಉಳಿಯುತ್ತದೆ, ನುಣುಪು ಲೇಪವಿಲ್ಲದ ಮ್ಯಾಪ್‌ಲಿಥೋ ಕಾಗದ ಇಂಕನ್ನು ಹೀರಿಕೊಂಡು ಇನ್ನಷ್ಟು ಮಸುಕುಮಾಡುತ್ತದೆ. ಇಂಥ ಬಣ್ಣಗಳು ಮುದ್ರಣದಲ್ಲಿ ಎಲ್ಲಿಗೆ ಇಳಿಯುತ್ತವೆಂದು ಪರದೆಯ ಮೇಲೇ ಮುಂಚಿತವಾಗಿ ನೋಡುವ ಸೌಲಭ್ಯ ಇದೇ ಸಾಧನದ ದುಬಾರಿ ಆವೃತ್ತಿಯಾದ ಎಲೀಟ್‌ನಲ್ಲಿದೆ. ಪ್ರೊಜೆಕ್ಟರ್ ಅಳೆಯುವ ಏರ್ಪಾಡೂ ಅದರಲ್ಲೇ ಇರುವುದು. ಆದರೆ ಫೋಟೋಶಾಪ್ ಬಳಸುವವರಿಗೆ ಮುದ್ರಣದ ಮುನ್ನೋಟ ಅಲ್ಲೇ ಸಿಗುವುದರಿಂದ, ಅದೊಂದಕ್ಕಾಗಿ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಮುನ್ನೋಟಕ್ಕೆ ಪ್ರೆಸ್ಸಿನ ಪ್ರೊಫೈಲ್ ಬೇಕು; ಕೇಳಿದರೆ ಕೊಡುವ ಪ್ರೆಸ್ಸನ್ನು ಹುಡುಕಿಕೊಳ್ಳುವುದು ಸಾಧನ ಕೊಳ್ಳುವುದಕ್ಕಿಂತ ಕಷ್ಟದ ಕೆಲಸ.

ಸುತ್ತಲಿನ ಬೆಳಕನ್ನು ಅಳೆದು, ಅದಕ್ಕೆ ತಕ್ಕಂತೆ ಪರದೆಯ ಹೊಳಪನ್ನು ಬದಲಿಸಲು ಸೂಚಿಸುವ ಸೌಲಭ್ಯವೊಂದನ್ನು ಕಂಪನಿ ಹೆಮ್ಮೆಯಿಂದ ಸೇರಿಸಿದೆ. ಮಲೆನಾಡಿನ ಮಟ್ಟಿಗೆ ಇದು ಉಪಯೋಗಕ್ಕಿಂತ ಕಿರಿಕಿರಿಯೇ. ಆಷಾಢದಲ್ಲಿ ಹೆಂಚಿನ ಮನೆಯ ಕೋಣೆಯೊಳಗೆ ಮಧ್ಯಾಹ್ನವೇ ದೀಪ ಹಾಕಬೇಕಾದ ಕತ್ತಲೆ, ಮಳೆ ಒಂದು ಗಳಿಗೆ ಹೊಳವಾದರೆ ಅಂಗಳದ ನೀರಿಂದ ಪ್ರತಿಫಲಿಸಿ ಬರುವ ಬೆಳ್ಳನೆಯ ಬೆಳಕು, ಅದರ ಹಿಂದೆಯೇ ಮತ್ತೆ ಕತ್ತಲೆ. ಇಂಥಲ್ಲಿ ತಂತ್ರಾಂಶ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಒಂದೇ ದೀಪದಲ್ಲಿ ಕೆಲಸ ಮಾಡುವುದು ಜಾಣತನ. ಇದೇ ತೇವದ ಕಾರಣಕ್ಕೆ ಸಾಧನವನ್ನು ಮೇಜಿನ ಮೇಲೆ ಬಿಡಬಾರದು. ಮಸೂರಕ್ಕೆ ಬೂಷ್ಟು ಹಿಡಿಯುವುದನ್ನು ನಮ್ಮ ಕಡೆಯ ಫೋಟೋಗ್ರಾಫರುಗಳಿಗೆ ಹೊಸದಾಗಿ ಹೇಳಬೇಕಿಲ್ಲ, ಇದರಲ್ಲೂ ಇರುವುದು ಮಸೂರವೇ. ಕ್ಯಾಮೆರಾದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟರೆ ಸಾಕು. ಬಣ್ಣದ ಶೋಧಕಗಳು ಕಾಲ ಕಳೆದಂತೆ ಮಾಸುವ ಸಂಭವವೂ ಇರುವುದರಿಂದ, ಕೈಬದಲಾದದ್ದನ್ನು ಕೊಳ್ಳುವವರು ಅದರ ಹಿಂದಿನ ವಾಸಸ್ಥಾನವನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಆಸೆ ಕಡಿಮೆ ಇರಬೇಕು. ಅಳತೆ ಮುಗಿದ ಮೇಲೆ ಪರದೆ ಎಸ್‌ಆರ್‌ಜಿಬಿಯ ಶೇಕಡಾ ಎಷ್ಟನ್ನು ತೋರಿಸಬಲ್ಲದೆಂದು ತಂತ್ರಾಂಶ ವರದಿ ಕೊಡುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ಕಾಣುವ 45% ಎನ್‌ಟಿಎಸ್‌ಸಿ (ಹಳೆಯ ಟಿವಿ ಮಾನದಂಡದ ಬಣ್ಣವ್ಯಾಪ್ತಿ) ಎಂಬ ಪರದೆಗಳು ಎಸ್‌ಆರ್‌ಜಿಬಿಯ ಸುಮಾರು ಮೂರನೇ ಎರಡು ಪಾಲನ್ನಷ್ಟೇ ತಲುಪುತ್ತವೆ. ಅವುಗಳಲ್ಲಿ ಕುಂಕುಮ ಕಿತ್ತಳೆಯ ಕಡೆಗೆ ವಾಲುತ್ತದೆ, ಕೆಮ್ಮಣ್ಣು ಕಂದಾಗುತ್ತದೆ, ಮತ್ತು ಯಾವ ಸಾಧನ ತಂದಿಟ್ಟರೂ ಪರದೆಯಲ್ಲಿ ಇಲ್ಲದ ಕೆಂಪು ಹುಟ್ಟುವುದಿಲ್ಲ. ಇಂಥ ಲ್ಯಾಪ್‌ಟಾಪ್ ಇರುವವರು ಮೊದಲು ಬಣ್ಣವನ್ನು ಚೆನ್ನಾಗಿ ತೋರಿಸುವ ಐಪಿಎಸ್ ಬಗೆಯ ಪರದೆಯ ಒಂದು ಒಳ್ಳೆಯ ಮಾನಿಟರ್ ಕೊಳ್ಳಲಿ, ಕಲರಿಮೀಟರ್ ಆಮೇಲೆ ಬರಲಿ. ಬಣ್ಣವ್ಯಾಪ್ತಿ ಹೆಚ್ಚಿರುವ ಮಾನಿಟರ್‌ಗಳಲ್ಲಿ ತೊಂದರೆ ತಿರುಗುಮುರುಗಾಗುತ್ತದೆ: ಬಣ್ಣ ನಿರ್ವಹಣೆ ಗೊತ್ತಿಲ್ಲದ ತಂತ್ರಾಂಶದಲ್ಲಿ ಸಾಮಾನ್ಯ ಫೋಟೋಗಳೂ ಫ್ಲೆಕ್ಸ್ ಬ್ಯಾನರಿನಂತೆ ಉರಿಯತೊಡಗುತ್ತವೆ. ಪ್ರೊಫೈಲ್ ಇದ್ದರೂ ಅದನ್ನು ಓದದ ತಂತ್ರಾಂಶಕ್ಕೆ ಅದು ಇದ್ದೂ ಇಲ್ಲದಂತೆ.

ಜೊತೆಗೆ ಬರುವ ತಂತ್ರಾಂಶ ಚೊಕ್ಕವಾಗಿದೆ, ಆದರೆ ಪ್ರೊ ಆವೃತ್ತಿಯಲ್ಲಿ ಗುರಿಗಳನ್ನು ಸಿದ್ಧಪಟ್ಟಿಯಿಂದಲೇ ಆರಿಸಬೇಕು. ಇಷ್ಟಬಂದ ಅಂಕಿಯನ್ನು ಬರೆಯುವ ಸ್ವಾತಂತ್ರ್ಯವನ್ನು ಎಲೀಟ್‌ಗೆ ಮೀಸಲಿಟ್ಟಿದ್ದಾರೆ. ಒಂದೇ ಯಂತ್ರಕ್ಕೆ ಎರಡು ಬೆಲೆ ಇಟ್ಟು, ತಂತ್ರಾಂಶದಲ್ಲಿ ಬಾಗಿಲು ಮುಚ್ಚುವ ಈ ಪದ್ಧತಿ ನನಗೆ ಹಿಡಿಸುವುದಿಲ್ಲ. ಇದಕ್ಕೆ ಉತ್ತರವೂ ಇದೆ. ಗ್ರೇಮ್ ಗಿಲ್ ಬರೆದ ಆರ್ಗಿಲ್ ಎಂಬ ಮುಕ್ತ ತಂತ್ರಾಂಶ ಸ್ಪೈಡರ್‌ಎಕ್ಸನ್ನು ಗುರುತಿಸುತ್ತದೆ, ಅದರ ಮೇಲೆ ಫ್ಲೋರಿಯನ್ ಹೋಕ್ ಕಟ್ಟಿದ ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ತಂತ್ರಾಂಶದಲ್ಲಿ ಯಾವ ಗುರಿಯನ್ನೂ ಬರೆದುಕೊಳ್ಳಬಹುದು. ಅದು ನೂರಾರು ಛಾಯೆಗಳನ್ನು ತೋರಿಸಿ ನಿಧಾನವಾಗಿ ಅಳೆಯುತ್ತದೆ. ಕೊನೆಗೆ ಉಳಿದ ದೋಷವನ್ನು ಡೆಲ್ಟಾ ಇ ಎಂಬ ಅಂಕಿಯಲ್ಲಿ ಹೇಳುತ್ತದೆ. ಅದು 1ರ ಆಸುಪಾಸಿನಲ್ಲಿದ್ದರೆ ಎರಡು ಬಣ್ಣಗಳನ್ನು ಪಕ್ಕಪಕ್ಕ ಇಟ್ಟರೂ ಭೇದ ಕಾಣುವುದು ಕಷ್ಟ. ಇಂಗ್ಲಿಷಿನ ಗುಂಡಿಗಳ ಕಾಡಿನಲ್ಲಿ ದಾರಿ ಹುಡುಕುವ ತಾಳ್ಮೆ ಇರುವವರು ಇದನ್ನೇ ಬಳಸಲಿ. ಸ್ಟುಡಿಯೋದಲ್ಲಿ ಹುಡುಗರ ಕೈಗೆ ಕೊಡುವುದಾದರೆ ಕಂಪನಿಯ ತಂತ್ರಾಂಶವೇ ವಾಸಿ.

ಇಷ್ಟೆಲ್ಲ ಮಾಡಿದರೂ ನೋಡುವವರು ನೋಡುವುದು ಮೊಬೈಲಿನಲ್ಲಿ, ಅವರ ಮೊಬೈಲನ್ನು ಅಳೆಯುವವರು ಯಾರು ಎಂಬ ಪ್ರಶ್ನೆಯನ್ನು ನನ್ನ ಜೊತೆ ಕೆಲಸ ಮಾಡುವವರೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಅಮೋಲೆಡ್ ಪರದೆಯ ಮೊಬೈಲ್‌ಗಳಲ್ಲಿ ವಿವಿಡ್ ಎಂಬ ಆಯ್ಕೆಯಿದ್ದರೆ ಕೆಂಪು, ಹಸಿರುಗಳು ಉಬ್ಬಿ ಕಾಣುತ್ತವೆ. ನ್ಯಾಚುರಲ್ ಎಂಬುದಕ್ಕೆ ಬದಲಿಸಿದರೆ ಎಸ್‌ಆರ್‌ಜಿಬಿಗೆ ಹತ್ತಿರ ಬರುತ್ತವೆ, ಆದರೆ ಬದಲಿಸುವವರು ವಿರಳ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಹಳದಿ ಮಾಡಿಕೊಂಡವರದು ಇನ್ನೊಂದು ಲೋಕ. ಆದರೂ ಈ ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಬ್ಬರದು ನೀಲಿಗೆ, ಒಬ್ಬರದು ಹಳದಿಗೆ, ಮತ್ತೊಬ್ಬರದು ಕಡುಬಣ್ಣಕ್ಕೆ ಚದುರಿಕೊಂಡಿರುತ್ತವೆ. ಫೈಲು ಸರಿಯಾಗಿ ನಡುವೆ ನಿಂತಿದ್ದರೆ ಪ್ರತಿಯೊಬ್ಬ ಗಿರಾಕಿಗೂ ತಲುಪುವುದು ಅವನ ಮೊಬೈಲಿನ ತಪ್ಪು ಮಾತ್ರ. ಫೈಲೇ ಒಂದು ಕಡೆಗೆ ವಾಲಿದ್ದರೆ, ಅದೇ ಕಡೆಗೆ ವಾಲಿದ ಮೊಬೈಲಿನವರ ಮುಂದೆ ಎರಡು ತಪ್ಪುಗಳು ಕೂಡಿಕೊಂಡು ಚಿತ್ತಾರದ ಕೆಂಪು ಗುರುತೇ ಸಿಗದಂತಾಗುತ್ತದೆ.

ವಾಟ್ಸಾಪ್‌ನ ವಿಷಯ ಬೇರೆ. ಅಲ್ಲಿ ಫೋಟೋ ಕಳುಹಿಸಿದಾಗ ಜೆಪೆಗ್ ಮತ್ತೊಮ್ಮೆ ಹಿಂಡಿಸಿಕೊಳ್ಳುತ್ತದೆ. ಕಣ್ಣು ಹೊಳಪಿನ ವ್ಯತ್ಯಾಸವನ್ನು ಚುರುಕಾಗಿ, ಬಣ್ಣದ ವ್ಯತ್ಯಾಸವನ್ನು ಮಂದವಾಗಿ ಗ್ರಹಿಸುವುದರಿಂದ, ಜೆಪೆಗ್ ಸಾಮಾನ್ಯವಾಗಿ ಹೊಳಪನ್ನು ಪೂರ್ತಿ ವಿವರದಲ್ಲಿಟ್ಟು ಬಣ್ಣವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿಸುತ್ತದೆ. ಎಂದರೆ ನಾಲ್ಕು ಬಿಂದುಗಳಿಗೆ ಒಂದೇ ಬಣ್ಣದ ಅಂಕಿ. ಕಾಡಿನ ಫೋಟೋದಲ್ಲಿ ಇದು ಗೊತ್ತಾಗದು. ಆದರೆ ಚಿತ್ತಾರದಲ್ಲಿ ಕೆಂಪಿನ ಮೇಲೆ ಎಳೆದ ಬಿಳಿಯ ಕೂದಲೆಳೆಯಂಥ ಗೆರೆಗಳ ಅಂಚಿನಲ್ಲಿ ಕೆಂಪು ಸೋರಿಕೊಂಡು ಬಿಳಿ ನಸುಗೆಂಪಾಗುತ್ತದೆ. ಇಂಥ ಕೆಲಸದ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ. ಬೆಟ್ಟೆ, ರಾಶಿ ಅಡಿಕೆಯ ಫೋಟೋ ತೆಗೆದು ಮೊಬೈಲಿನಲ್ಲೇ ದರ ಕೇಳುವವರಿಗೂ ಒಂದು ಮಾತು ಹೇಳಬೇಕು. ಅಡಿಕೆ ಬೇಯಿಸಿದ ರಸವಾದ ಚೊಗರಿನಿಂದ ಅಡಿಕೆಗೆ ಬರುವ ಕೆಂಪು ಟ್ಯೂಬ್‌ಲೈಟಿನ ಕೆಳಗೆ ಒಂದು, ಅಂಗಳದ ಬಿಸಿಲಿನಲ್ಲಿ ಒಂದು, ತೋಟದ ನೆರಳಿನಲ್ಲಿ ಇನ್ನೊಂದು, ಏಕೆಂದರೆ ಎಲೆಗಳಲ್ಲಿ ಸೋಸಿ ಬರುವ ಬೆಳಕೇ ಹಸಿರು. ಪಕ್ಕದಲ್ಲಿ ಒಂದು ಬೂದು ಕಾರ್ಡ್ ಇಟ್ಟು ತೆಗೆದರೆ ಆಮೇಲೆ ಬಣ್ಣ ತಿದ್ದಲು ಆಧಾರವಾದರೂ ಸಿಗುತ್ತದೆ. ಇದಕ್ಕೆ ಕಲರಿಮೀಟರ್‌ನಿಂದ ಆಗುವ ಪ್ರಯೋಜನ ಏನೂ ಇಲ್ಲ. ಪರದೆಯನ್ನು ಅಳೆಯುವ ಸಾಧನಕ್ಕೆ ಕ್ಯಾಮೆರಾದ ಮುಂದಿನ ಬೆಳಕು ಸಂಬಂಧಿಸಿದ್ದಲ್ಲ.

ಬಿಡುಗಡೆಯಾದಾಗ ಅಮೆರಿಕದಲ್ಲಿ ಇದರ ಬೆಲೆ 170 ಡಾಲರ್‌ನಷ್ಟಿತ್ತು. ಇಲ್ಲಿಗೆ ಬರುವಾಗ ಸಾಗಣೆ, ತೆರಿಗೆ ಸೇರಿ ಅದಕ್ಕಿಂತ ಭಾರವಾಗುತ್ತದೆ. ಮುದ್ರಣಕ್ಕೆ ಫೈಲು ಕಳುಹಿಸುವ ಡಿಸೈನರ್, ಆಲ್ಬಮ್ ಮಾಡುವ ಸ್ಟುಡಿಯೋ, ಕರಕುಶಲ ವಸ್ತುಗಳನ್ನು ದೂರದೂರಿಗೆ ಮಾರುವ ಸಂಘಗಳಿಗೆ ಇದು ದಂಡವಲ್ಲ. ಮಾನಿಟರ್ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುವುದರಿಂದ ತಿಂಗಳಿಗೊಮ್ಮೆ ಅಳೆದರೆ ಸಾಕಾಗುತ್ತದೆ; ಉಳಿದ ದಿನಗಳಲ್ಲಿ ಸಾಧನ ಡಬ್ಬಿಯಲ್ಲೇ ಮಲಗಿರುವುದರಿಂದ, ಶಿವಮೊಗ್ಗದ ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಅಕ್ಕಪಕ್ಕದಲ್ಲಿರುವ ಮೂರ್ನಾಲ್ಕು ಅಂಗಡಿಯವರು ಸೇರಿ ಒಂದನ್ನು ಕೊಂಡು, ಉಚಿತ ತಂತ್ರಾಂಶದೊಂದಿಗೆ ಸರದಿಯಲ್ಲಿ ಬಳಸುವುದು ಎಲ್ಲರಿಗೂ ಅನುಕೂಲ. ಫೋಟೋ ತೆಗೆದು ಮೊಬೈಲಿನಲ್ಲೇ ಹಂಚಿಕೊಂಡು ಅಲ್ಲಿಗೇ ಮುಗಿಸುವವರಿಗೆ ಇದರ ಅಗತ್ಯ ಕಾಣುವುದಿಲ್ಲ. ಕೊಂಡವರು ಇದರ ಜೊತೆಗೆ ಖರ್ಚು ಮಾಡಬೇಕಾದ ಇನ್ನೊಂದು ವಸ್ತುವಿದೆ: ಮುದ್ರಿತ ಹಾಳೆಯನ್ನು ಹಿಡಿದು ನೋಡಲು 5000 ಕೆಲ್ವಿನ್‌ನ, ಸಿಆರ್‌ಐ (ವಸ್ತುಗಳ ಬಣ್ಣವನ್ನು ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ ಒಂದು ಎಲ್‌ಇಡಿ ಬಲ್ಬು. ಅದನ್ನು ಮಾನಿಟರ್‌ನ ಪಕ್ಕಕ್ಕೆ, ಅದರ ಬೆಳಕು ಪರದೆಯ ಮೇಲೆ ಬೀಳದಂತೆ ಹಾಕಿಕೊಳ್ಳಬೇಕು.